ಇಪ್ಪತ್ತಕ್ಕೆ ಏಳು ಬಂದರೆ ಊಟ

ಚೆನ್ನೈನ ಅಣ್ಣಾ ನಗರದ ಪಶ್ಚಿಮ ವಿಸ್ತರಣೆಯಲ್ಲಿ ಸ್ಕಿಜೋಫ್ರೇನಿಯಾ ಸಂಶೋಧನಾ ಪ್ರತಿಷ್ಠಾನವಿದೆ. ಇಲ್ಲಿ ಎಲ್ಲರೂ ಅದನ್ನು ‘ಸ್ಕಾರ್ಫ್’ ಎಂದೇ ಕರೆಯುವುದು. 1984ರಲ್ಲಿ ಅದನ್ನು ಕಟ್ಟಿದ ಡಾ. ಎಂ. ಶಾರದಾ ಮೆನನ್ ಮಂಗಳೂರಿನಲ್ಲಿ ಹುಟ್ಟಿದವರು, ದೇಶದ ಮೊದಲ ಮಹಿಳಾ ಮನೋವೈದ್ಯೆ ಎಂದು ಹೆಸರಾದವರು. ನಮ್ಮ ಕಡೆಯವರು ಎಂಬ ಅಭಿಮಾನ ಹಾಗಿರಲಿ. ಹಣಕಾಸಿನ ಅಂಕಣಕ್ಕೆ ಈ ಸಂಸ್ಥೆ ಬಂದಿರುವುದು ಬೇರೆ ಕಾರಣಕ್ಕೆ. ಮನೋರೋಗದಿಂದ ಉಂಟಾಗುವ ಅಸಾಮರ್ಥ್ಯವನ್ನು ಅಳೆದು ಪ್ರಮಾಣಪತ್ರ ಕೊಡಲು ನಮ್ಮ ದೇಶದಲ್ಲಿ ಬಳಸುವ ಮಾಪಕ ‘ಐಡಿಯಾಸ್’. ಭಾರತೀಯ ಮನೋವೈದ್ಯಕೀಯ ಸಂಘ ಅದನ್ನು ರೂಪಿಸಿದಾಗ ಸ್ಕಾರ್ಫ್‌ನ ಡಾ. ಆರ್. ತಾರಾ ಅವರ ದುಡಿಮೆ ಅದರಲ್ಲಿ ದೊಡ್ಡದಿತ್ತು. ಸ್ವಂತ ಆರೈಕೆ, ಜನರೊಡನೆ ಒಡನಾಟ, ಮಾತು ಮತ್ತು ಗ್ರಹಿಕೆ, ಕೆಲಸ ಎಂಬ ನಾಲ್ಕು ವಿಷಯಗಳಿಗೆ ಸೊನ್ನೆಯಿಂದ ನಾಲ್ಕರವರೆಗೆ ಅಂಕ, ಕಾಯಿಲೆ ಎಷ್ಟು ಕಾಲದ್ದು ಎಂಬುದಕ್ಕೆ ಇನ್ನಷ್ಟು, ಒಟ್ಟು ಇಪ್ಪತ್ತು. ಏಳು ಬಂದರೆ ಶೇ 40. ಆರು ಬಂದರೆ ಸರ್ಕಾರದ ಲೆಕ್ಕದಲ್ಲಿ ನಿಮಗೆ ಸೌಲಭ್ಯ ಕೊಡುವಷ್ಟು ತೊಂದರೆಯಿಲ್ಲ.

ಮಾಪಕದ ಬಗ್ಗೆ ನನ್ನ ತಕರಾರಿಲ್ಲ. ಒಂದು ಅಂಕಿಯಿಲ್ಲದಿದ್ದರೆ ಮನೋರೋಗಿಗೆ ಪ್ರಮಾಣಪತ್ರವೇ ಸಿಗುತ್ತಿರಲಿಲ್ಲ. ತಕರಾರಿರುವುದು ಆ ಅಂಕಿಯನ್ನು ಊಟದ ಬಾಗಿಲಿಗೆ ಬೀಗವಾಗಿ ಬಳಸುವುದರ ಬಗ್ಗೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಬಹುಪಾಲು ಸೌಲಭ್ಯಗಳಿಗೆ ಶೇ 40 ಬೇಕು. ಕರ್ನಾಟಕದ ಪಿಂಚಣಿ ಶೇ 75ರ ಗೆರೆ ದಾಟಿದಾಗ ಏರುತ್ತದೆ. ಕೇಂದ್ರದ ಇಂದಿರಾ ಗಾಂಧಿ ಹೆಸರಿನ ಅಂಗವಿಕಲರ ಪಿಂಚಣಿಗೆ ಶೇ 80 ಬೇಕು, ಮೇಲಿಂದ ಬಡತನ ರೇಖೆಯ ಕೆಳಗಿನ ಕುಟುಂಬವೂ ಆಗಿರಬೇಕು. ಇಷ್ಟೆಲ್ಲ ದಾಟಿದವರಿಗೆ ಕೇಂದ್ರದ ಪಾಲು ತಿಂಗಳಿಗೆ 300 ರೂಪಾಯಿ. ಮನುಷ್ಯ ಒಬ್ಬನೇ, ಗೆರೆ ಮೂರು. ಈ ಮೂರೂ ಗೆರೆಗಳು ಕೇಳದ ಪ್ರಶ್ನೆಯೊಂದಿದೆ: ಈತ ತನ್ನ ಮಧ್ಯಾಹ್ನದ ಊಟವನ್ನು ತಾನೇ ದಕ್ಕಿಸಿಕೊಳ್ಳಬಲ್ಲನೇ? ಐಡಿಯಾಸ್‌ನಲ್ಲಿ ಉಣ್ಣುವುದು ಸ್ನಾನ, ಉಡುಗೆಗಳ ಜೊತೆ ಒಂದೇ ಅಂಶದೊಳಗೆ ಅಡಗಿದೆ. ಬಡಿಸಿದರೆ ಅಚ್ಚುಕಟ್ಟಾಗಿ ಉಣ್ಣುವ, ಆದರೆ ಅಂಗಡಿಗೆ ಹೋಗಿ ಅಕ್ಕಿ ತಂದು ಒಲೆ ಹಚ್ಚಲಾಗದ ವ್ಯಕ್ತಿಗೆ ಅಲ್ಲಿ ಒಳ್ಳೆಯ ಅಂಕ ಬರಬಹುದು. ಒಳ್ಳೆಯ ಅಂಕವೆಂದರೆ ಇಲ್ಲಿ ಕಡಿಮೆ ಅಂಕ, ಅಂದರೆ ಕಡಿಮೆ ಸವಲತ್ತು.

ಅಮೆರಿಕದಲ್ಲಿ ಹಗಲು ಆರೈಕೆ ಕೇಂದ್ರಗಳ ಊಟಕ್ಕೆ ಒಕ್ಕೂಟ ಸರ್ಕಾರ ಹಣ ಕೊಡುವ ಯೋಜನೆಯೊಂದಿದೆ. ಮೊದಲು ಮಕ್ಕಳಿಗಷ್ಟೇ ಇದ್ದದ್ದು, 1987ರಲ್ಲಿ ವಯಸ್ಕರಿಗೂ ವಿಸ್ತರಣೆಯಾಯಿತು. ಅರವತ್ತು ದಾಟಿದವರಿಗೆ ವಯಸ್ಸೇ ಸಾಕು. ಹದಿನೆಂಟು ತುಂಬಿದ ಉಳಿದವರು ದಿನನಿತ್ಯದ ಕೆಲಸ ಸ್ವತಂತ್ರವಾಗಿ ಮಾಡಿಕೊಳ್ಳಲಾಗದವರಾಗಿರಬೇಕು. ಆ ಕೆಲಸಗಳಿಗೆ ನಿಯಮವೇ ಕೊಡುವ ಉದಾಹರಣೆಗಳಲ್ಲಿ ಅಡುಗೆ, ಸಾಮಾನು ಖರೀದಿ, ಬಸ್ಸು ಹಿಡಿಯುವುದು ಸೇರಿವೆ. ಶೇಕಡಾವಾರು ಮಾತೇ ಇಲ್ಲ. ಇನ್ನೂ ಮುಖ್ಯವಾದದ್ದು ಆದಾಯದ ಲೆಕ್ಕ. ಊಟ ಉಚಿತವೋ ಅಲ್ಲವೋ ಎಂದು ನೋಡುವಾಗ ಅಲ್ಲಿ ‘ಕುಟುಂಬ’ವೆಂದರೆ ಆ ವ್ಯಕ್ತಿ, ಜೊತೆಗಿರುವ ಸಂಗಾತಿ, ಅವರನ್ನೇ ನೆಚ್ಚಿಕೊಂಡವರು. ಮೂವತ್ತೈದರ ಮಗ ಅಪ್ಪನ ಮನೆಯಲ್ಲಿದ್ದರೂ ಅಪ್ಪನ ಸಂಬಳ ಲೆಕ್ಕಕ್ಕಿಲ್ಲ. ಅಮೆರಿಕದ್ದೆಲ್ಲ ಬಂಗಾರ ಎಂದು ಹೇಳುತ್ತಿಲ್ಲ, ಕಾಗದಪತ್ರದ ಕಾಟ ಅಲ್ಲೂ ಇದೆ. ಆದರೆ ಈ ಒಂದು ವ್ಯಾಖ್ಯಾನ ನಮ್ಮ ಹಗಲು ಆರೈಕೆ ಕೇಂದ್ರಗಳ ಊಟಕ್ಕೆ ನಾವು ಕಡ ತರಲು ಯೋಗ್ಯವಾದದ್ದು.

ಅಣ್ಣಾ ನಗರದಂಥ ಬಡಾವಣೆಯಲ್ಲಿ ಇದಕ್ಕೆ ಮೊದಲ ಆಕ್ಷೇಪ ಏಳುವುದೇ ಇಲ್ಲಿ. ಅಪ್ಪನಿಗೆ ಸ್ವಂತ ಫ್ಲ್ಯಾಟಿದೆ, ಎರಡನೇ ಅವೆನ್ಯೂನಲ್ಲಿ ಅಂಗಡಿಯಿದೆ; ಮಗನ ಊಟಕ್ಕೆ ಸರ್ಕಾರ ಯಾಕೆ ಕೊಡಬೇಕು? ಕೇಳಬೇಕಾದ ಪ್ರಶ್ನೆಯೇ. ಆದರೆ ಅದೇ ಅಪ್ಪನಿಗೆ ಸರ್ಕಾರ ಈಗಾಗಲೇ ಕೊಡುತ್ತಿದೆ, ಅದೂ ಆದಾಯ ಕೇಳದೆ. ಆದಾಯ ತೆರಿಗೆ ಕಾನೂನಿನ ಒಂದು ಕಲಮಿನಲ್ಲಿ ಅವಲಂಬಿತ ವಿಕಲಚೇತನರಿದ್ದರೆ 75,000 ರೂಪಾಯಿ, ಅಂಗವೈಕಲ್ಯ ಶೇ 80 ಅಥವಾ ಮೇಲಿದ್ದರೆ 1,25,000 ರೂಪಾಯಿ ಕಡಿತ. ಆರೈಕೆಗೆ ಖರ್ಚಾದದ್ದು ಅದಕ್ಕಿಂತ ಕಡಿಮೆಯಿದ್ದರೂ ಮೊತ್ತ ಅಷ್ಟೇ. ಹಳೆಯ ಪದ್ಧತಿಯಲ್ಲಿ ಶೇ 30ರ ಹಂತದಲ್ಲಿ ತೆರಿಗೆ ಕಟ್ಟುವವರಿಗೆ, ಸೆಸ್ ಸೇರಿಸಿದರೆ, ವರ್ಷಕ್ಕೆ 23,400 ಅಥವಾ 39,000 ರೂಪಾಯಿ ಉಳಿತಾಯ. ಆರೈಕೆ ಕೇಂದ್ರದಲ್ಲಿ ಒಂದು ಊಟಕ್ಕೆ 50 ರೂಪಾಯಿ ಎಂದು ಹಿಡಿದು ತಿಂಗಳಿಗೆ 26 ದಿನ ಲೆಕ್ಕ ಹಾಕಿ, ವರ್ಷಕ್ಕೆ 15,600. ಅಂದರೆ ಶ್ರೀಮಂತ ಅಪ್ಪನಿಗೆ ತೆರಿಗೆಯಲ್ಲಿ ಬಿಟ್ಟುಕೊಟ್ಟದ್ದರಲ್ಲೇ ಮಗನ ಇಡೀ ವರ್ಷದ ಊಟ ಮುಗಿದು ದುಡ್ಡು ಮಿಗುತ್ತದೆ. ತೆರಿಗೆ ಕಟ್ಟುವಷ್ಟು ಗಳಿಕೆಯೇ ಇಲ್ಲದ ಮನೆಗೆ ಈ ಕಲಮಿನಿಂದ ಒಂದು ಕಾಸೂ ಇಲ್ಲ. ಉಳ್ಳವರಿಗೆ ಹೋಗುತ್ತದೆಂಬ ಅಂಜಿಕೆ ನಿಜವಾಗಿದ್ದರೆ ಅದು ಮೊದಲು ಹುಟ್ಟಬೇಕಾದದ್ದು ತೆರಿಗೆ ಕಚೇರಿಯಲ್ಲಿ.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯದು: ಎಲ್ಲರಿಗೂ ಅಗ್ಗದ ಊಟವಿರುವ ಊರಿನಲ್ಲಿ ವಿಶೇಷ ಯೋಜನೆ ಯಾಕೆ? ಚೆನ್ನೈ ಪಾಲಿಕೆ 2013ರಲ್ಲಿ ತೆರೆದ ಅಮ್ಮ ಉಣವಗಂನಲ್ಲಿ ಇಡ್ಲಿಗೆ 1 ರೂಪಾಯಿ, ಸಾಂಬಾರ್ ಅನ್ನಕ್ಕೆ 5, ಎರಡು ಚಪಾತಿಗೆ 3. ಬೆಳಿಗ್ಗೆ ಮೂರು ಇಡ್ಲಿ, ಮಧ್ಯಾಹ್ನ ಅನ್ನ, ರಾತ್ರಿ ಚಪಾತಿ ತಿಂದರೆ ದಿನಕ್ಕೆ 11 ರೂಪಾಯಿ, ತಿಂಗಳಿಗೆ 330. ಕಾರ್ಡು ಕೇಳುವುದಿಲ್ಲ, ಜಾತಿ ಕೇಳುವುದಿಲ್ಲ, ಶೇಕಡಾ ಕೇಳುವುದಿಲ್ಲ. ಕರ್ನಾಟಕದಲ್ಲಿ 2017ರ ಆಗಸ್ಟ್ 16ರಂದು ಶುರುವಾದ ಇಂದಿರಾ ಕ್ಯಾಂಟೀನ್ ತಿಂಡಿಗೆ 5, ಊಟಕ್ಕೆ 10 ರೂಪಾಯಿ ಇಟ್ಟದ್ದೂ ಇದೇ ದಾರಿಯಲ್ಲಿ. ಯಾರನ್ನೂ ಜರಡಿ ಹಿಡಿಯದ ಈ ಪದ್ಧತಿ ನನಗೆ ಬಹಳ ಇಷ್ಟ. ಆದರೂ ಸಾಲಿನಲ್ಲಿ ನಿಂತು, ಟೋಕನ್ ಪಡೆದು, ತಟ್ಟೆ ಹಿಡಿದು, ಎತ್ತರದ ಮೇಜಿನ ಬಳಿ ನಿಂತೇ ತಿನ್ನಬಲ್ಲವರಿಗೆ ಮಾತ್ರ ಆ 11 ರೂಪಾಯಿ. ಅಲ್ಲಿಗೆ ನಡೆದು ಹೋಗಲಾಗದವರು ಮೂರು ಕಿಲೋಮೀಟರ್ ಆಟೋದಲ್ಲಿ ಹೋದರೆ, 2013ರಲ್ಲಿ ಸರ್ಕಾರ ನಿಗದಿ ಮಾಡಿದ ದರದಲ್ಲೇ ಹೋಗಲು ಸುಮಾರು 40, ಬರಲು 40 (ಆ ದರಕ್ಕೆ ಆಟೋ ಬಂದರೆ ಎನ್ನುವುದು ಚೆನ್ನೈನವರಿಗೆಲ್ಲ ಗೊತ್ತಿರುವ ಹಾಸ್ಯ). ಐದು ರೂಪಾಯಿಯ ಅನ್ನಕ್ಕೆ ಎಂಬತ್ತರ ಪ್ರಯಾಣ. ಕರ್ನಾಟಕದ ಮಾತೃಪೂರ್ಣ ಯೋಜನೆಯೂ ಇಲ್ಲೇ ಎಡವಿತ್ತು: ಬಿಸಿಯೂಟ ಸಿದ್ಧವಿತ್ತು, ಬಸುರಿ ಬಾಣಂತಿಯರು ಅಂಗನವಾಡಿಯವರೆಗೆ ನಡೆದು ಬರಬೇಕಿತ್ತು.

ಹಾಗಾದರೆ ದುಡ್ಡೇ ಕೊಟ್ಟುಬಿಡಿ, ಬೇಕಾದ್ದು ತಿನ್ನಲಿ ಎನ್ನುವವರಿದ್ದಾರೆ. ಬೌದ್ಧಿಕ ಅಸಾಮರ್ಥ್ಯ, ತೀವ್ರ ಅಂಗವೈಕಲ್ಯ ಇರುವವರಿಗೆ ತಮಿಳುನಾಡು ತಿಂಗಳಿಗೆ 2,000 ರೂಪಾಯಿ ನಿರ್ವಹಣಾ ಭತ್ಯೆ ಕೊಡುತ್ತಿದೆ. ಅದು ಬೇಡವೆಂದು ಯಾರೂ ಹೇಳಲಾರರು. ಆದರೆ ಆ ಹಣ ಮನೆಯ ಒಟ್ಟು ಖರ್ಚಿನಲ್ಲಿ ಕರಗುತ್ತದೆ, ಕರಗಲೇಬೇಕು. ಔಷಧಿ, ಬಾಡಿಗೆ, ಕರೆಂಟು ಬಿಲ್ಲು ಮೊದಲು ಕೈ ಚಾಚುತ್ತವೆ. ಕೇಂದ್ರದಲ್ಲಿ ಬಡಿಸಿದ ಊಟಕ್ಕೆ ಇನ್ನೊಂದು ಗುಣವಿದೆ. ಅದು ಜನರನ್ನು ಕೇಂದ್ರಕ್ಕೆ ಬರುವಂತೆ ಮಾಡುತ್ತದೆ, ಊಟದ ಜೊತೆ ಮಾತ್ರೆ ಹೋಗುತ್ತದೆ, ಮನೆಯಲ್ಲಿ ನೋಡಿಕೊಳ್ಳುವವರಿಗೆ, ಹೆಚ್ಚಾಗಿ ತಾಯಿಗೆ, ಮಧ್ಯಾಹ್ನ ಕೆಲಸಕ್ಕೆ ಹೋಗಲು ಬಿಡುವು ಸಿಗುತ್ತದೆ. ಆ ಬಿಡುವಿನ ಗಳಿಕೆ ಊಟದ ಬೆಲೆಗಿಂತ ಹೆಚ್ಚು. ಊಟ ಜನರನ್ನು ಕರೆತರುತ್ತದೆ ಎಂಬ ಮಾತನ್ನು ಶಾಲೆಯ ಬಿಸಿಯೂಟದ ವಿಷಯದಲ್ಲಿ ಇಡೀ ದೇಶ ಒಪ್ಪಿಕೊಂಡಿದೆ. ಕೇಂದ್ರದ ಯೋಜನೆ ಎಂಟನೇ ತರಗತಿಗೆ ನಿಲ್ಲುತ್ತದೆ, ತಮಿಳುನಾಡು ಮತ್ತು ಕರ್ನಾಟಕ ಹತ್ತರವರೆಗೆ ಎಳೆದಿವೆ. ಅಸಾಮರ್ಥ್ಯ ಹತ್ತನೇ ತರಗತಿಗೆ ನಿಲ್ಲುವುದಿಲ್ಲವಲ್ಲ.

ದುರ್ಬಳಕೆಯ ಭಯವನ್ನು ಬೇಗ ಮುಗಿಸಿಬಿಡಬಹುದು. ನಕಲಿ ಪ್ರಮಾಣಪತ್ರದ ಸುದ್ದಿಗಳು ಬಂದದ್ದು ಸರ್ಕಾರಿ ಹುದ್ದೆ, ಕಾಲೇಜು ಸೀಟುಗಳ ಸುತ್ತ. ಒಂದು ತಟ್ಟೆ ಪೊಂಗಲ್‌ಗಾಗಿ ದಿನವಿಡೀ ಆರೈಕೆ ಕೇಂದ್ರದಲ್ಲಿ ಕೂರುವ ವಂಚಕ ಸಿಕ್ಕರೆ ಅವನಿಗೆ ಇನ್ನೊಂದು ಸೌಟು ಹೆಚ್ಚಾಗಿಯೇ ಬಡಿಸಬಹುದು. ಹಾಜರಾತಿಯೇ ಇಲ್ಲಿ ಸಾಕಷ್ಟು ಕಟ್ಟುನಿಟ್ಟಾದ ಪರೀಕ್ಷೆ.

ಖರ್ಚಿನ ಪ್ರಶ್ನೆಗೆ ಉತ್ತರ ಕಾಯ್ದೆಯಲ್ಲೇ ಇದೆ. 2016ರ ಕಾಯ್ದೆಯ 24ನೇ ಕಲಮು, ಸರ್ಕಾರದ ಆರ್ಥಿಕ ಶಕ್ತಿಯ ಮಿತಿಯೊಳಗೆ ಎಂಬ ಷರತ್ತಿನೊಂದಿಗೆ, ಸಾಮಾಜಿಕ ಭದ್ರತಾ ಯೋಜನೆಗಳಲ್ಲಿ ಇತರರಿಗೆ ಸಿಗುವುದಕ್ಕಿಂತ ಕನಿಷ್ಠ ಶೇ 25ರಷ್ಟು ಹೆಚ್ಚಿನ ನೆರವು ವಿಕಲಚೇತನರಿಗೆ ಸಿಗಬೇಕು ಎನ್ನುತ್ತದೆ. ಪಿಂಚಣಿಯ ಮೊತ್ತಕ್ಕೆ ಮಾತ್ರ ಇದನ್ನು ಅನ್ವಯಿಸಿ ಕೈತೊಳೆದುಕೊಳ್ಳಬೇಕಿಲ್ಲ. ಪಾಲಿಕೆ ಒಂದು ಊಟಕ್ಕೆ ತುಂಬಿಕೊಡುವ ನಷ್ಟ ಎಷ್ಟೋ, ಅದರ ಕಾಲುಭಾಗವನ್ನು ಹೆಚ್ಚುವರಿಯಾಗಿ ತೆಗೆದಿಟ್ಟು, ಅಮ್ಮ ಉಣವಗಂನ ಅದೇ ಅಡುಗೆಮನೆಯಿಂದ ಅದೇ ವಾರ್ಡಿನ ಹಗಲು ಆರೈಕೆ ಕೇಂದ್ರಕ್ಕೆ ಡಬ್ಬಿ ಕಳಿಸಲಿ. ಹೊಸ ಒಲೆ ಬೇಡ, ಹೊಸ ಇಲಾಖೆ ಬೇಡ. ಅಣ್ಣಾ ನಗರ ವಲಯದಲ್ಲಿ ಒಂದು ಬಜೆಟ್ ವರ್ಷ ನಡೆಸಿ ನೋಡಿ, ಖರ್ಚಿನ ಪಟ್ಟಿಯನ್ನು ಪಾಲಿಕೆ ಸಭೆಯ ಮುಂದಿಡಲಿ.