ನವಿಲುಗರಿಯ ಜೀರುಂಡೆ

ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ನಮ್ಮ ಆದವಾನಿಯ ಬೀದಿದೀಪಗಳ ಕೆಳಗೆ ಕಪ್ಪು ಜೀರುಂಡೆಗಳು ಬಂದು ಬೀಳುವುದನ್ನು ವಿದ್ಯಾರ್ಥಿಗಳೆಲ್ಲರೂ ಕಂಡಿರುತ್ತೀರಿ. ಗಾಳಿಯ ಹೊಡೆತಕ್ಕೆ ಮರಗಿಡಗಳಿಂದ ಅವು ತೊರೆಗಳಿಗೂ ಬೀಳುವುದುಂಟು. ತಣ್ಣೀರಿನ ತೊರೆಗಳಲ್ಲಿ ವಾಸಿಸುವ ಟ್ರೌಟ್ ಎಂಬ ಮೀನಿಗೆ ಇದು ಪ್ರಿಯವಾದ ಆಹಾರ. ಅದನ್ನು ಹಿಡಿಯಲು ಗಾಳದ ಮೇಲೆ ಗರಿ ದಾರಗಳಿಂದ ಕಟ್ಟುವ ಕೃತಕ ಜೀರುಂಡೆಯೇ ಈ ಪಾಠದ ವಿಷಯ.

ನಮ್ಮ ತುಂಗಭದ್ರೆಯಲ್ಲಿ ಟ್ರೌಟ್ ಬಾಳಲಾರದು. ಅದಕ್ಕೆ ಪ್ರಾಣವಾಯು ಹೇರಳವಾಗಿ ಕರಗಿದ ನೀರು ಬೇಕು. 10 ಡಿಗ್ರಿ ಸೆಂಟಿಗ್ರೇಡಿನ ಒಂದು ಲೀಟರು ನೀರು ಸುಮಾರು 11 ಮಿಲಿಗ್ರಾಂ ಪ್ರಾಣವಾಯುವನ್ನು ಹಿಡಿದಿಡಬಲ್ಲದು. 30 ಡಿಗ್ರಿಯಲ್ಲಿ ಏಳೂವರೆಯಷ್ಟೇ. ದಕ್ಷಿಣದಲ್ಲಿ ಅದಕ್ಕೆ ನೆಲೆ ದೊರೆತದ್ದು ನೀಲಗಿರಿಯಂಥ ಎತ್ತರದ ಬೆಟ್ಟಗಳಲ್ಲಿ. 1863ರಲ್ಲಿ ಫ್ರಾನ್ಸಿಸ್ ಡೇ ಎಂಬ ವೈದ್ಯರು ಅಲ್ಲಿ ಮಾಡಿದ ಯತ್ನ ಫಲಿಸಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಎಚ್. ಸಿ. ವಿಲ್ಸನ್ ಅವರು ಅವಲಾಂಚಿಯಲ್ಲಿ ಮೀನುಮರಿ ಕೇಂದ್ರವನ್ನು ಸ್ಥಾಪಿಸಿದ ಮೇಲೆ ಕಾರ್ಯ ಕೈಗೂಡಿತು.

ಇನ್ನು ಕಟ್ಟುವ ಕ್ರಮ. ಸಣ್ಣ ಗಾಳವನ್ನು ಅದರ ಮೊನೆ ಮುಚ್ಚುವಂತೆ ಇಕ್ಕಳದಲ್ಲಿ ಬಿಗಿಯತಕ್ಕದ್ದು. (ಹಿರಿಯರು ಬಳಿಯಲ್ಲಿಲ್ಲದಾಗ ಮಕ್ಕಳು ಗಾಳವನ್ನು ಮುಟ್ಟಕೂಡದು.) ಕಪ್ಪು ದಾರವನ್ನು ಕಣ್ಣಿನ ಹಿಂದಿನಿಂದ ಬಾಗಿನವರೆಗೆ ಸುತ್ತಿ, ಅಲ್ಲಿ ಕಪ್ಪು ಫೋಮ್ ಹಾಳೆಯ ಕಿರಿದಾದ ಪಟ್ಟಿಯೊಂದನ್ನೂ ನವಿಲುಗರಿಯ ಮೂರು ಎಳೆಗಳನ್ನೂ ಕಟ್ಟಬೇಕು. ನವಿಲು ತಾನಾಗಿ ಉದುರಿಸಿದ ಗರಿಯೇ ಸಾಕು. ಎಳೆಗಳನ್ನು ಮುಂದಕ್ಕೆ ಒತ್ತಾಗಿ ಸುತ್ತಿದರೆ ಮಿರುಗುವ ದುಂಡು ಹೊಟ್ಟೆಯಾಗುತ್ತದೆ. ಪಟ್ಟಿಯನ್ನು ಬೆನ್ನಿನ ಮೇಲೆ ಮಡಚಿ ಕಣ್ಣಿನ ಹಿಂದೆ ಬಿಗಿದು, ಎರಡು ಪಕ್ಕಗಳಲ್ಲಿಯೂ ಮೂರು ಮೂರು ದಾರದ ಕಾಲುಗಳನ್ನು ಸೇರಿಸಿ ಗಂಟು ಹಾಕಿದರೆ ಮುಗಿಯಿತು.

ನಾವು ಮೊದಲು ಕಟ್ಟಿದ ಜೀರುಂಡೆಯ ಬೆನ್ನಿಗೆ ಹಸಿರು, ಹೊನ್ನಿನ ಬಣ್ಣಗಳನ್ನು ಬಹು ಶ್ರದ್ಧೆಯಿಂದ ಬಳಿದಿದ್ದೆವು. ಕಾಲುಗಳನ್ನು ಮಾತ್ರ ಅನಗತ್ಯವೆಂದು ಬಿಟ್ಟಿದ್ದೆವು. ಮಾದರಿಗೆಂದು ನಿಜವಾದ ಜೀರುಂಡೆಯನ್ನೂ ಅದರ ಜೊತೆಯಲ್ಲಿ ಗಾಜಿನ ಪಾತ್ರೆಯ ನೀರಿನಲ್ಲಿ ತೇಲಿಬಿಟ್ಟು ತರಗತಿಗೆ ತೋರಿಸಿದೆವು. ಎಂದೂ ಮಾತನಾಡದ ಒಬ್ಬ ಹುಡುಗ ಮೇಜಿನ ಪಕ್ಕದಲ್ಲಿ ಮಂಡಿಯೂರಿ ಕೆಳಗಿನಿಂದ ನೋಡಿ, “ಸಾರ್, ನಿಮ್ಮ ಬಣ್ಣ ಕಾಣೋದೇ ಇಲ್ಲ. ಹುಳದ ಹೊಟ್ಟೆ, ಕಾಲು ಅಷ್ಟೇ ಕಾಣ್ತಾವೆ” ಎಂದನು. ನಾವೂ ಮಂಡಿಯೂರಿ ನೋಡಿದೆವು. ಮೀನು ಕಾಣುವುದೂ ಹಾಗೆಯೇ! ಆ ಸಂಜೆ ಬಣ್ಣವಿಲ್ಲದೆ, ಆರು ಕಾಲುಗಳಿಟ್ಟು ಮತ್ತೊಂದನ್ನು ಕಟ್ಟಿದೆವು.

ಹೊಳೆಯಲ್ಲಿ ಇದನ್ನು ದಡದ ಕೊಂಬೆಗಳ ಕೆಳಗೆ, ಪ್ರವಾಹದ ಮೇಲ್ಗಡೆಗೆ ಎಸೆಯಬೇಕು. ಸಣ್ಣದಾಗಿ ತೊಪ್ಪೆಂದು ಬಿದ್ದರೂ ಬಾಧಕವಿಲ್ಲ, ನಿಜವಾದ ಜೀರುಂಡೆಯೂ ಹಾಗೆಯೇ ಬೀಳುತ್ತದೆ. ದಾರವನ್ನು ಎಳೆಯದೆ, ನೀರು ಒಯ್ದಂತೆ ತೇಲಗೊಡಬೇಕು. ಅನೇಕ ವೇಳೆ ಮೀನು ಮೇಲಕ್ಕೆ ನೆಗೆಯದೆ ಮೂತಿಯನ್ನಷ್ಟೇ ಎತ್ತಿ ಹೀರಿಕೊಳ್ಳುತ್ತದೆ. ಆಗ ನೀರಿನ ಮೇಲೆ ಮೂಡುವ ಕಿರಿಯ ಉಂಗುರವನ್ನು ಕಂಡು ಕೋಲನ್ನು ಮೆಲ್ಲನೆ ಎತ್ತಬೇಕು.