ತೋಟ ಅಡ ಇಟ್ಟು ಜರ್ಮನಿಗೆ ಹೋಗಲೇ?

ಪ್ರಶ್ನೆ: ನನಗೆ 27 ವರ್ಷ. ಅರಸೀಕೆರೆ ತಾಲ್ಲೂಕಿನ ಹಳ್ಳಿಯವಳು. ಬಿ.ಎಸ್ಸಿ ನರ್ಸಿಂಗ್ ಮುಗಿಸಿ ನಾಲ್ಕು ವರ್ಷದಿಂದ ಮೈಸೂರಿನ ಒಂದು ಖಾಸಗಿ ಆಸ್ಪತ್ರೆಯ ಐಸಿಯುನಲ್ಲಿ ಸ್ಟಾಫ್ ನರ್ಸ್ ಆಗಿದ್ದೇನೆ. ಸಂಬಳ 24,000 ರೂಪಾಯಿ. ಪಿ.ಜಿ. ಬಾಡಿಗೆ, ಊಟ, ಓಡಾಟ ಕಳೆದರೆ ಮನೆಗೆ ಕಳಿಸಲು ಹೆಚ್ಚೇನೂ ಉಳಿಯುವುದಿಲ್ಲ. ಕೆಲವು ತಿಂಗಳಿಂದ ಡ್ಯೂಟಿ ಮುಗಿಸಿ ಬಂದು ಆನ್‌ಲೈನ್‌ನಲ್ಲಿ ಜರ್ಮನ್ ಕಲಿಯುತ್ತಿದ್ದೇನೆ, ಎ2 ಹಂತ ಪಾಸಾಗಿದೆ. ಬೆಂಗಳೂರಿನ ಒಂದು ಏಜೆನ್ಸಿಯವರು ಜರ್ಮನಿಯಲ್ಲಿ ತಿಂಗಳಿಗೆ 3 ಲಕ್ಷ ರೂಪಾಯಿ ಸಂಬಳದ ಕೆಲಸ ಕೊಡಿಸುತ್ತೇವೆ ಎನ್ನುತ್ತಾರೆ. ಅದಕ್ಕೆ ನಾಲ್ಕೂವರೆ ಲಕ್ಷ ಕಟ್ಟಬೇಕಂತೆ. ಮೊದಲ ಕಂತಿನ ಜೊತೆ ನನ್ನ ಮೂಲ ಅಂಕಪಟ್ಟಿಗಳನ್ನೂ ಕೊಡಬೇಕಂತೆ. ಮೂರು ವರ್ಷಕ್ಕೆ ಮೊದಲು ಕೆಲಸ ಬಿಟ್ಟರೆ 8,000 ಯೂರೋ ಕೊಡಬೇಕೆಂಬ ಬಾಂಡ್ ಬೇರೆ ಇದೆ. ಅಪ್ಪ ತೆಂಗಿನ ತೋಟ ಅಡ ಇಟ್ಟಾದರೂ ಹಣ ತರುತ್ತೇನೆ ಎನ್ನುತ್ತಾರೆ. ಅಣ್ಣ, 'ದುಬೈಗೋ ಮಸ್ಕತ್ತಿಗೋ ಹೋಗು, ಹೊಸ ಭಾಷೆಯ ಕಾಟವೇ ಇಲ್ಲ' ಎನ್ನುತ್ತಾನೆ. ಅಮ್ಮ, 'ಮದುವೆ ಮಾಡಿಕೊಂಡು ಎಲ್ಲಿಗಾದರೂ ಹೋಗು' ಎಂದು ಅಳುತ್ತಾರೆ. ನನಗೆ ಹೋಗುವ ಆಸೆಯೂ ಇದೆ, ಭಯವೂ ಇದೆ. ಏನು ಮಾಡಲಿ?
– ಹೆಸರು ಬೇಡ, ಹಾಸನ ಜಿಲ್ಲೆ

ಉತ್ತರ: ತಂಗಿ, ಹೋಗಿ. ಆದರೆ ಈ ನಾಲ್ಕೂವರೆ ಲಕ್ಷ ಕಟ್ಟಿ ಹೋಗಬೇಡಿ, ಅಪ್ಪನ ತೋಟದ ಪಹಣಿ ಯಾರ ಕೈಗೂ ಹೋಗಬಾರದು. ನಿಮ್ಮ ಪತ್ರಕ್ಕೆ ನನ್ನ ಉತ್ತರ ಇಷ್ಟೇ. ಯಾಕೆ ಹೀಗೆ ಹೇಳುತ್ತಿದ್ದೇನೆ ಎಂಬುದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಮನೆಯವರೆಲ್ಲ ಕೂತು ಓದಿ.

ಜರ್ಮನಿಯಲ್ಲಿ ನರ್ಸ್‌ಗಳ ಕೊರತೆ ನಿಜ, ಅದು ಏಜೆಂಟರು ಕಟ್ಟಿದ ಕತೆಯಲ್ಲ. ಅಲ್ಲಿ ವಯಸ್ಸಾದವರು ಹೆಚ್ಚುತ್ತಿದ್ದಾರೆ, ನೋಡಿಕೊಳ್ಳುವ ಕೈಗಳು ಕಡಿಮೆಯಾಗುತ್ತಿವೆ. 2024ರಲ್ಲಿ ಅಲ್ಲಿನ ಸರ್ಕಾರ ಭಾರತದ ಕುಶಲ ಕೆಲಸಗಾರರಿಗೆ ಕೊಡುವ ವೀಸಾಗಳ ಸಂಖ್ಯೆಯನ್ನು ವರ್ಷಕ್ಕೆ 20,000ದಿಂದ 90,000ಕ್ಕೆ ಏರಿಸುವುದಾಗಿ ಹೇಳಿತು. ಅಂದರೆ ಬೇಡಿಕೆ ಇರುವುದು ಅವರ ಕಡೆಯಿಂದ. ಐಸಿಯುನಲ್ಲಿ ನಾಲ್ಕು ವರ್ಷ ಕೆಲಸ ಮಾಡಿದ ನರ್ಸ್ ಅವರಿಗೆ ಬೇಕು. ಬೇಕಾದವರು ಖರ್ಚು ಮಾಡಿ ಕರೆಸಿಕೊಳ್ಳಬೇಕು, ಬರುವವಳು ಸಾಲ ಮಾಡಿಕೊಂಡು ಹೋಗಬಾರದು. ಇದು ನನ್ನ ಆದರ್ಶದ ಮಾತಲ್ಲ. ವಿದೇಶದಿಂದ ನರ್ಸ್‌ಗಳನ್ನು ಕರೆಸುವ ಖರ್ಚನ್ನು ಕೆಲಸ ಕೊಡುವವರೇ ಹೊರಬೇಕು ಎಂಬ ನಿಯಮಕ್ಕೆ ಒಪ್ಪಿದ ಸಂಸ್ಥೆಗಳಿಗೆ ಜರ್ಮನಿ 2022ರಿಂದ ಒಂದು ಸರ್ಕಾರಿ ಮುದ್ರೆ ಕೊಡುತ್ತಿದೆ. 'ಫೇರ್ ಆನ್‌ವೆರ್ಬುಂಗ್ ಫ್ಲೇಗೆ ಡಾಯ್ಚ್‌ಲಾಂಡ್' ಎಂದು ಅದರ ಹೆಸರು. ನಿಮ್ಮ ಏಜೆನ್ಸಿಗಾಗಲಿ, ಅವರು ಹೇಳುವ ಆಸ್ಪತ್ರೆಗಾಗಲಿ ಆ ಮುದ್ರೆ ಇದೆಯೇ ಎಂದು ಕೇಳಿ. ಪಕ್ಕದ ಕೇರಳದಲ್ಲಿ ಅಲ್ಲಿನ ಸರ್ಕಾರದ ನೋರ್ಕಾ ರೂಟ್ಸ್ ಸಂಸ್ಥೆ 2021ರ ಡಿಸೆಂಬರ್‌ನಲ್ಲಿ ಜರ್ಮನಿಯ ಉದ್ಯೋಗ ಇಲಾಖೆಯೊಂದಿಗೆ 'ಟ್ರಿಪಲ್ ವಿನ್' ಎಂಬ ಒಪ್ಪಂದ ಮಾಡಿಕೊಂಡಿತು. ಆ ದಾರಿಯಲ್ಲಿ ಆಯ್ಕೆಯಾದ ನರ್ಸ್‌ಗಳು ಏಜೆಂಟರಿಗೆ ಲಕ್ಷಗಟ್ಟಲೆ ಸುರಿಯುವುದಿಲ್ಲ, ಭಾಷೆ ಕಲಿಸುವ ಖರ್ಚೂ ಅವರ ಮೇಲೆ ಬೀಳುವುದಿಲ್ಲ. ಅದೇ ದೇಶ, ಅದೇ ಕೆಲಸ. ಕೇರಳದ ಹುಡುಗಿ ಖರ್ಚಿಲ್ಲದೆ ಹೋಗುವಾಗ ನೀವು ತೋಟ ಅಡ ಇಡುವುದು ನನಗೆ ಸರಿಕಾಣುವುದಿಲ್ಲ.

ನಮ್ಮ ದೇಶದ ಕಾನೂನೂ ನಿಮ್ಮ ಪರವಾಗಿದೆ. 1983ರ ವಲಸೆ ಕಾಯ್ದೆಯಡಿ ನೋಂದಣಿ ಇಲ್ಲದವರು ವಿದೇಶಕ್ಕೆ ಜನರನ್ನು ಕೆಲಸಕ್ಕೆ ಕಳಿಸುವಂತಿಲ್ಲ. ನೋಂದಾಯಿತ ಏಜೆಂಟರು ಕೂಡ ಸೇವಾಶುಲ್ಕವಾಗಿ 30,000 ರೂಪಾಯಿ ಮತ್ತು ಅದರ ಮೇಲಿನ ಜಿ.ಎಸ್‌.ಟಿಗಿಂತ ಹೆಚ್ಚು ತೆಗೆದುಕೊಳ್ಳಬಾರದು, ತೆಗೆದುಕೊಂಡಿದ್ದಕ್ಕೆ ರಸೀದಿ ಕೊಡಬೇಕು. ಯಾರು ನೋಂದಾಯಿತರು ಎಂಬುದನ್ನು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ನಾಲ್ಕೂವರೆ ಲಕ್ಷಕ್ಕೂ 30,000ಕ್ಕೂ ಎಷ್ಟು ಅಂತರ, ನೀವೇ ನೋಡಿ. 'ಅದು ಸೇವಾಶುಲ್ಕವಲ್ಲ, ಟ್ರೈನಿಂಗ್, ಡಾಕ್ಯುಮೆಂಟೇಶನ್, ಪ್ಯಾಕೇಜ್' ಎಂದು ಅವರು ಹೇಳಬಹುದು. ಹಾಗಿದ್ದರೆ ಯಾವುದಕ್ಕೆ ಎಷ್ಟು ಎಂದು ಬಿಡಿಬಿಡಿಯಾಗಿ ಬರೆದುಕೊಡಲಿ.

ಸಾಲದ ವಿಚಾರದಲ್ಲಿ ನಾನು ಇಷ್ಟು ಹಟ ಹಿಡಿಯುವುದಕ್ಕೆ ಇನ್ನೊಂದು ಕಾರಣವಿದೆ, ಅದೇ ಮುಖ್ಯ ಕಾರಣ. ಹೋದ ಮೇಲೆ ಕೆಲಸ ಹೇಗಿರುತ್ತದೋ, ವಾರ್ಡಿನ ಹಿರಿಯರು ಹೇಗಿರುತ್ತಾರೋ ಇಲ್ಲಿ ಕೂತು ಹೇಳಲಾಗದು. ಕೆಟ್ಟದಾಗಿದ್ದರೆ ಬಿಟ್ಟು ಬೇರೆ ಕಡೆ ಹೋಗುವ ಧೈರ್ಯ ನಿಮಗಿರಬೇಕು. ಊರಲ್ಲಿ ತೋಟ ಅಡ ಇದ್ದು, ಅಪ್ಪ ತಿಂಗಳು ತಿಂಗಳು ಬಡ್ಡಿ ಕಟ್ಟುತ್ತಿದ್ದರೆ ಆ ಧೈರ್ಯ ಬರುವುದಿಲ್ಲ. ಎಂಥ ಮಾತು ಕೇಳಿದರೂ, ಎಷ್ಟು ನೈಟ್ ಡ್ಯೂಟಿ ಹಾಕಿದರೂ ಬಾಯಿ ಮುಚ್ಚಿಕೊಂಡು ಇರುತ್ತೀರಿ. ನಿಮ್ಮ ಓದಿಗೆ ಅಲ್ಲಿ ಪೂರ್ತಿ ಮಾನ್ಯತೆ ಸಿಗುವವರೆಗೆ ವೀಸಾ ಕೂಡ ಒಬ್ಬ ಮಾಲೀಕರ ಕೆಲಸಕ್ಕೆ ತಳಕು ಹಾಕಿಕೊಂಡಿರುತ್ತದೆ, ಕೆಲಸ ಬದಲಿಸಲು ಅಲ್ಲಿನ ವಿದೇಶಿಯರ ಕಚೇರಿಯ ಒಪ್ಪಿಗೆ ಬೇಕಾಗುತ್ತದೆ. ಅದರ ಮೇಲೆ ಈ 8,000 ಯೂರೋ ಬಾಂಡ್. ಹೀಗೆ ಮೂರು ಕಡೆಯಿಂದ ಕಟ್ಟಿಹಾಕಿದರೆ ನೀವು ಅಲುಗಾಡುವುದು ಹೇಗೆ?

ಬಾಂಡ್ ಎಂದ ಕೂಡಲೇ ಹೆದರಬೇಡಿ. ಸಹಿ ಮಾಡಿಸಿಕೊಂಡಿದ್ದೆಲ್ಲ ಅಲ್ಲಿನ ಕಾರ್ಮಿಕ ನ್ಯಾಯಾಲಯದಲ್ಲಿ ನಿಲ್ಲುತ್ತದೆ ಎಂದೇನಿಲ್ಲ. ಆದರೆ ಒಬ್ಬಂಟಿ ಹುಡುಗಿ ಹೊಸ ದೇಶದಲ್ಲಿ ಕೋರ್ಟಿಗೆ ಅಲೆಯುವುದಕ್ಕಿಂತ ಸಹಿ ಮಾಡದಿರುವುದೇ ಸುಲಭ. ಅಲ್ಲಿಗೆ ಹೋದ ಮೇಲೆ ತೊಂದರೆಯಾದರೆ ಜರ್ಮನಿಯ ಹದಿನಾರೂ ರಾಜ್ಯಗಳಲ್ಲಿ 'ಫೇರ್ ಇಂಟೆಗ್ರಾಸಿಯೋನ್' ಎಂಬ ಉಚಿತ ಸಲಹಾ ಕೇಂದ್ರಗಳಿವೆ. ಹೊರದೇಶದಿಂದ ಬಂದ ಕೆಲಸಗಾರರಿಗೆ ಕಾರ್ಮಿಕ ಕಾನೂನಿನ ವಿಷಯದಲ್ಲಿ ಸಹಾಯ ಮಾಡಲೆಂದೇ ಇರುವ ಕೇಂದ್ರಗಳು ಅವು. ನರ್ಸ್‌ಗಳ ಪರವಾಗಿ ಮಾತಾಡುವ 'ವೆರ್ಡಿ' ಎಂಬ ದೊಡ್ಡ ಕಾರ್ಮಿಕ ಸಂಘವೂ ಇದೆ. ಈ ಎರಡು ಹೆಸರು ಡೈರಿಯಲ್ಲಿ ಬರೆದಿಟ್ಟುಕೊಳ್ಳಿ.

ಇನ್ನು 3 ಲಕ್ಷ ಸಂಬಳದ ಲೆಕ್ಕ. ವಿಮಾನ ಇಳಿದ ದಿನವೇ ನೀವು ಅಲ್ಲಿ ನರ್ಸ್ ಆಗುವುದಿಲ್ಲ. ನಿಮ್ಮ ಬಿ.ಎಸ್ಸಿ ಪಠ್ಯಕ್ರಮ, ತರಬೇತಿಯ ಗಂಟೆಗಳು, ಅನುಭವ ಎಲ್ಲವನ್ನೂ ಆ ರಾಜ್ಯದ ಅಧಿಕಾರಿಗಳು ತಮ್ಮ ನರ್ಸಿಂಗ್ ಶಿಕ್ಷಣಕ್ಕೆ ಹೋಲಿಸಿ ನೋಡುತ್ತಾರೆ. ಇಂತಿಂಥದ್ದು ಕಡಿಮೆ ಇದೆ ಎಂದು ಪತ್ರ ಕೊಡುತ್ತಾರೆ. ಆ ಕೊರತೆ ತುಂಬಲು ಒಂದೋ ಅಲ್ಲಿಯ ಆಸ್ಪತ್ರೆಯಲ್ಲಿ ಕೆಲವು ತಿಂಗಳ ಹೊಂದಾಣಿಕೆ ತರಬೇತಿ ಮುಗಿಸಬೇಕು, ಇಲ್ಲವೇ ಬಾಯಿಮಾತಿನ ಮತ್ತು ಪ್ರಾಯೋಗಿಕ ಪರೀಕ್ಷೆ ಪಾಸಾಗಬೇಕು. ಅಲ್ಲಿಯವರೆಗೆ ನೀವು ಸಹಾಯಕಿ, ಸಂಬಳವೂ ಸಹಾಯಕಿಯದ್ದೇ. ಉದಾಹರಣೆಗೆ ವೃದ್ಧರ ಆರೈಕೆ ಕ್ಷೇತ್ರದಲ್ಲಿ 2025ರ ಜುಲೈಯಿಂದ ಸಹಾಯಕರಿಗೆ ಗಂಟೆಗೆ ಕನಿಷ್ಠ 16.10 ಯೂರೋ, ಅರ್ಹ ನರ್ಸ್‌ಗಳಿಗೆ 20.50 ಯೂರೋ ಎಂದು ನಿಗದಿಯಾಯಿತು. ಇದು ಒಟ್ಟು ಸಂಬಳ. ಆದಾಯ ತೆರಿಗೆ, ಪಿಂಚಣಿ, ಆರೋಗ್ಯ ವಿಮೆ, ನಿರುದ್ಯೋಗ ವಿಮೆ ಎಲ್ಲ ಕಳೆದು ಮದುವೆಯಾಗದವರ ಕೈಗೆ ಬರುವುದು ಸುಮಾರು ಮೂರನೇ ಎರಡು ಭಾಗ. ಬಾಡಿಗೆ ಅದರಲ್ಲೇ ಹೋಗಬೇಕು. ಮ್ಯೂನಿಕ್‌ನಂಥ ಊರಿನಲ್ಲಿ ಬಾಡಿಗೆಯೇ ದೊಡ್ಡ ಪಾಲು ನುಂಗುತ್ತದೆ, ಸಣ್ಣ ಊರುಗಳಲ್ಲಿ ಕೈ ಸ್ವಲ್ಪ ಸಡಿಲವಾಗಿರುತ್ತದೆ. ಆದರೂ ಮೈಸೂರಿನಲ್ಲಿ ಉಳಿಸುವುದಕ್ಕಿಂತ ಎಷ್ಟೋ ಹೆಚ್ಚು ಉಳಿಸುತ್ತೀರಿ, ಅದರಲ್ಲಿ ಅನುಮಾನ ಬೇಡ. ಏಜೆನ್ಸಿ ಹೇಳಿದ ಅಂಕಿಯನ್ನು ನಂಬಿ ಮನೆಯಲ್ಲಿ ಲೆಕ್ಕ ಹಾಕಬೇಡಿ ಎಂದಷ್ಟೇ ನನ್ನ ಮಾತು.

ಕೆಲವು ಏಜೆನ್ಸಿಗಳು ನರ್ಸಿಂಗ್ ಮುಗಿಸಿದವರನ್ನೇ ಅಲ್ಲಿನ ಮೂರು ವರ್ಷದ 'ಔಸ್‌ಬಿಲ್ಡುಂಗ್' ತರಬೇತಿಗೆ ಹೊಸ ವಿದ್ಯಾರ್ಥಿಗಳಂತೆ ಸೇರಿಸುತ್ತವೆ. ಪಿಯುಸಿ ಮುಗಿಸಿದ ಹುಡುಗ ಹುಡುಗಿಯರಿಗೆ ಅದು ಒಳ್ಳೆಯ ದಾರಿ. ನಿಮಗೆ ಆ ದಾರಿ ಬೇಡ. ನಿಮ್ಮ ನಾಲ್ಕು ವರ್ಷದ ಓದನ್ನು ನೀವೇ ಅಳಿಸಿಕೊಂಡಂತಾಗುತ್ತದೆ. ಆಫರ್ ಲೆಟರ್‌ನಲ್ಲಿ ಆ ಪದ ಕಂಡರೆ ಅಲ್ಲೇ ನಿಲ್ಲಿ.

ಈಗ ಕೆಲಸದ ಬಗ್ಗೆ. ಇದನ್ನು ಏಜೆನ್ಸಿಯವರು ಹೇಳುವುದಿಲ್ಲ. ಇಲ್ಲಿ ರೋಗಿಗೆ ಮೈ ಒರೆಸುವುದು, ಊಟ ಮಾಡಿಸುವುದು, ಬಾತ್‌ರೂಮಿಗೆ ಕರೆದೊಯ್ಯುವುದು ಆಯಾಗಳ, ವಾರ್ಡ್ ಬಾಯ್‌ಗಳ, ಹೆಚ್ಚಾಗಿ ಮನೆಯವರ ಕೆಲಸ. ಅಲ್ಲಿ ಹಾಸಿಗೆ ಪಕ್ಕದಲ್ಲಿ ಮನೆಯವರು ಕೂತಿರುವುದಿಲ್ಲ, ನೋಡಲು ಬಂದು ಹೋಗುತ್ತಾರೆ. ಎಂಬತ್ತು ದಾಟಿದ ಅಜ್ಜನನ್ನು ಎಬ್ಬಿಸಿ ಕೂರಿಸುವುದು, ಹಲ್ಲಿನ ಸೆಟ್ಟು ತೊಳೆದು ಕೊಡುವುದು, ಸ್ನಾನ ಮಾಡಿಸುವುದು ಅಲ್ಲಿ ನರ್ಸಿನ ಕೆಲಸ. ಅದನ್ನು ನರ್ಸಿಂಗ್‌ನ ತಿರುಳು ಎಂದೇ ಅವರು ಕಲಿಸುತ್ತಾರೆ. ಇಲ್ಲಿ ನೀವು ದಿನಕ್ಕೆ ಹತ್ತು ಸಲ ಮಾಡುವ ಕ್ಯಾನ್ಯುಲಾ ಹಾಕುವಂಥ ಕೆಲಸವನ್ನು ಅಲ್ಲಿ ಎಷ್ಟೋ ಆಸ್ಪತ್ರೆಗಳಲ್ಲಿ ಡಾಕ್ಟರೇ ಮಾಡುತ್ತಾರೆ. ವೆಂಟಿಲೇಟರ್ ನೋಡಿಕೊಂಡ ಐಸಿಯು ನರ್ಸ್‌ಗೆ ಮೊದಲ ತಿಂಗಳುಗಳಲ್ಲಿ 'ನಾನು ಇಷ್ಟಕ್ಕೇ ಬಂದೆನಾ' ಎನಿಸುವುದು ಸಹಜ. ಈ ಕೆಲಸ ಕೀಳು ಎಂಬ ಭಾವನೆ ಮನಸ್ಸಿನ ಮೂಲೆಯಲ್ಲಾದರೂ ಇದ್ದರೆ ಈಗಲೇ ಅದರ ಜೊತೆ ಕೂತು ಮಾತಾಡಿಕೊಳ್ಳಿ. ಆ ಭಾವನೆ ಇಲ್ಲದಿದ್ದರೆ ನೀವು ಅಲ್ಲಿ ಚೆನ್ನಾಗಿಯೇ ಇರುತ್ತೀರಿ.

ಭಾಷೆಯ ಬಗ್ಗೆ ನಾನು ತುಂಬ ಒತ್ತಿ ಹೇಳಬೇಕು. ಬೆಳಿಗ್ಗೆ ಆರರ ಹೊತ್ತಿಗೆ ವಾರ್ಡಿನಲ್ಲಿ ಹ್ಯಾಂಡೋವರ್. ರಾತ್ರಿ ಡ್ಯೂಟಿಯವರಿಗೆ ಮನೆಗೆ ಹೋಗುವ ಆತುರ. 'ಏಳನೇ ರೂಮಿನವರು ರಾತ್ರಿ ಮಲಗಲಿಲ್ಲ, ಡ್ರೈನ್ ತೆಗೆದಾಗಿದೆ, ಬಿಪಿ ಮಾತ್ರೆ ಬೇಡ ಅಂದರು, ಹತ್ತಕ್ಕೆ ಎಂಡೋಸ್ಕೋಪಿ, ಅದಕ್ಕೆ ಮುಂಚೆ ಏನೂ ತಿನ್ನಿಸಬೇಡಿ' ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಂದಿನ ರೂಮಿಗೆ ಹೋಗುತ್ತಾರೆ. ಅದರಲ್ಲಿ ಆ ಕೊನೆಯ ಮಾತು ತಪ್ಪಿದರೆ ಏನಾಗುತ್ತದೆ ಎಂದು ನರ್ಸ್ ಆದ ನಿಮಗೆ ನಾನು ಹೇಳಬೇಕಿಲ್ಲ. ಬವೇರಿಯಾದ ಅಜ್ಜಿಯರಂತೂ ಪುಸ್ತಕದ ಜರ್ಮನ್ ಮಾತಾಡುವುದೇ ಇಲ್ಲ, ಅವರದ್ದು ಬೇರೆಯೇ ಆಡುಮಾತು. ಹಾಗಾಗಿ 'ಬಿ1 ಸಾಕು, ಉಳಿದದ್ದು ಅಲ್ಲಿ ಹೋಗಿ ಕಲಿ' ಎಂಬ ಮಾತಿಗೆ ಒಪ್ಪಬೇಡಿ. ನರ್ಸ್ ಪರವಾನಗಿಗೆ ಬಹುತೇಕ ಎಲ್ಲ ಕಡೆ ಅದರ ಮೇಲಿನ ಹಂತ ಬಿ2 ಬೇಕೇ ಬೇಕು. ಅದನ್ನು ಇಲ್ಲೇ ಮುಗಿಸಿದರೆ ಸಹಾಯಕಿಯಾಗಿ ಕಳೆಯುವ ಕಾಲ ಕಡಿಮೆಯಾಗುತ್ತದೆ, ಕೆಲಸ ಕೊಡುವವರ ಜೊತೆ ಚೌಕಾಸಿ ಮಾಡುವ ಬಲವೂ ಬರುತ್ತದೆ. ಬೆಂಗಳೂರಿನ ಇಂದಿರಾನಗರದಲ್ಲಿ ಗೋಥೆ ಸಂಸ್ಥೆಯ ಮ್ಯಾಕ್ಸ್ ಮುಲ್ಲರ್ ಭವನ ಇದೆ. ಅವರ ಬಿ2 ಪರೀಕ್ಷೆಯಲ್ಲಿ ಓದು, ಕೇಳು, ಬರೆ, ಮಾತಾಡು ಎಂದು ನಾಲ್ಕು ಭಾಗ, ಪ್ರತಿಯೊಂದರಲ್ಲೂ ನೂರಕ್ಕೆ 60 ಬರಬೇಕು. ಒಂದರಲ್ಲಿ ಹೋದರೆ ಅದನ್ನಷ್ಟೇ ಮತ್ತೆ ಬರೆಯಬಹುದು. ನಿಮಗೊಂದು ಅನುಕೂಲವೂ ಇದೆ: ಜರ್ಮನ್ನಿನ ಉಪವಾಕ್ಯಗಳಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಕನ್ನಡದವರಿಗೆ ಅದು ಹುಟ್ಟಿನಿಂದ ಬಂದ ಅಭ್ಯಾಸ. ಕೋರ್ಸಿನ ಫೀಸು, ಪರೀಕ್ಷೆಯ ಫೀಸು ನಿಮ್ಮ ಸಂಬಳದಲ್ಲೇ ಕಟ್ಟಿ. ಕೈಯಿಂದ ಹಣ ಹಾಕುವುದಿದ್ದರೆ ಇದೊಂದಕ್ಕೆ ಹಾಕಿ, ಯಾಕೆಂದರೆ ಕಲಿತದ್ದನ್ನು ಯಾವ ಏಜೆಂಟನೂ ಕಿತ್ತುಕೊಳ್ಳಲಾರ.

ಅಣ್ಣ ಹೇಳುವುದರಲ್ಲೂ ಹುರುಳಿದೆ. ಕೊಲ್ಲಿ ದೇಶಗಳಲ್ಲಿ ಇಂಗ್ಲಿಷಿನಲ್ಲೇ ಪರೀಕ್ಷೆ, ಸಂಬಳಕ್ಕೆ ತೆರಿಗೆ ಇಲ್ಲ, ಬೇಗ ಹೋಗಬಹುದು. ನಾಲ್ಕೈದು ವರ್ಷ ದುಡಿದು ಊರಿಗೆ ಮರಳಬೇಕು ಎನ್ನುವವರಿಗೆ ಅದು ಸರಿ. ಅಲ್ಲಿಗೆ ಹೋಗುವುದಾದರೂ ನರ್ಸ್‌ಗಳಿಗೆ ಇ-ಮೈಗ್ರೇಟ್ ಮೂಲಕ ವಲಸೆ ಅನುಮತಿ ಬೇಕು, ವಿಸಿಟ್ ವೀಸಾದಲ್ಲಿ ಹೋಗಿ ಕೆಲಸ ಹುಡುಕುವ ಮಾತಿಗೆ ಕಿವಿಗೊಡಬೇಡಿ. ಜರ್ಮನಿಯಲ್ಲಿ ಶುರು ಕಷ್ಟ, ನಿಧಾನ. ಆದರೆ ಪರವಾನಗಿ ಪಡೆದು ಕುಶಲ ಕೆಲಸಗಾರರ ವೀಸಾದಲ್ಲಿ ಮೂರು ವರ್ಷ ಕಳೆದವರು ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು. ಕಟ್ಟಿದ ಪಿಂಚಣಿಯೂ ಪೂರ್ತಿ ವ್ಯರ್ಥವಾಗುವುದಿಲ್ಲ: ಭಾರತ ಮತ್ತು ಜರ್ಮನಿ ನಡುವೆ ಸಾಮಾಜಿಕ ಭದ್ರತಾ ಒಪ್ಪಂದ 2017ರಿಂದ ಜಾರಿಯಲ್ಲಿದೆ. ಐಸಿಯು, ಡಯಾಲಿಸಿಸ್, ಅರಿವಳಿಕೆ ವಿಭಾಗಗಳಲ್ಲಿ ವಿಶೇಷ ತರಬೇತಿ ಪಡೆದು ಮೇಲೆ ಹೋಗುವ ದಾರಿಯೂ ಅಲ್ಲಿದೆ. ಎ2 ತನಕ ಕಲಿತ ನೀವು ಜರ್ಮನಿಯ ದಾರಿಯಲ್ಲಿ ಈಗಾಗಲೇ ಸ್ವಲ್ಪ ದೂರ ನಡೆದಿದ್ದೀರಿ.

ಅಮ್ಮನ ಅಳುವಿಗೆ ಉತ್ತರ ಕಷ್ಟ, ಅದಕ್ಕೆ ಕಾನೂನಿನಲ್ಲಿ ಪರಿಹಾರ ಹುಡುಕಲಾಗದು. ಮದುವೆ ಬೇಡ ಎಂದಲ್ಲ, ಎರಡು ವರ್ಷ ತಡವಾಗಬಹುದು ಎಂದಷ್ಟೇ. ಅಷ್ಟನ್ನು ಅವರ ಪಕ್ಕ ಕೂತು ಹೇಳಿ, ಫೋನಿನಲ್ಲಿ ಬೇಡ. ಗಂಡನನ್ನು ಕುಟುಂಬ ವೀಸಾದಲ್ಲಿ ಅಲ್ಲಿಗೆ ಕರೆಸಿಕೊಳ್ಳಬಹುದು, ಅವರೂ ಅಲ್ಲಿ ಕೆಲಸ ಮಾಡಬಹುದು ಎಂಬುದನ್ನೂ ತಿಳಿಸಿ. ಹೋಗುವ ಅವಸರದಲ್ಲಿ ಒಂದು ತಿಂಗಳಲ್ಲಿ ಗಂಡು ನೋಡಿ ಮದುವೆ ಮುಗಿಸುವುದಕ್ಕೆ ಮಾತ್ರ ದಯವಿಟ್ಟು ಒಪ್ಪಬೇಡಿ. ಹೊಸ ದೇಶವನ್ನೂ ಹೊಸ ಸಂಸಾರವನ್ನೂ ಒಟ್ಟಿಗೆ ಹೊರುವುದು ಯಾರಿಗಾದರೂ ಭಾರ.

ಮಾಡಬೇಕಾದ್ದು ಹೀಗೆ. ಈಗಿನ ಕೆಲಸ ಬಿಡಬೇಡಿ, ಬಿ2 ಮುಗಿಯುವವರೆಗೆ ಐಸಿಯು ಅನುಭವ ಬೆಳೆಯುತ್ತಿರಲಿ. ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನ ನೋಂದಣಿ ಚಾಲ್ತಿಯಲ್ಲಿದೆಯೇ ನೋಡಿ. ಕಾಲೇಜಿನಿಂದ ತರಬೇತಿ ಗಂಟೆಗಳ ವಿವರವಿರುವ ಟ್ರಾನ್ಸ್‌ಕ್ರಿಪ್ಟ್, ಆಸ್ಪತ್ರೆಯಿಂದ ಅನುಭವ ಪತ್ರ ಈಗಲೇ ಕೇಳಿ ಇಟ್ಟುಕೊಳ್ಳಿ. ನಮ್ಮ ರಾಜ್ಯದ ಕೌಶಲ್ಯಾಭಿವೃದ್ಧಿ ನಿಗಮದಡಿ ಅಂತರರಾಷ್ಟ್ರೀಯ ವಲಸೆ ಕೇಂದ್ರ ಇದೆ, ಅಲ್ಲಿ ಹೆಸರು ಬರೆಸಿ, ನರ್ಸ್‌ಗಳಿಗೆ ಯಾವ ಅವಕಾಶ ಬಂದಿದೆ ಎಂದು ಆಗಾಗ ವಿಚಾರಿಸುತ್ತಿರಿ. ಏಜೆನ್ಸಿಗೆ ಇದೇ ವಾರ ಇಮೇಲ್ ಬರೆಯಿರಿ: ಇ-ಮೈಗ್ರೇಟ್ ನೋಂದಣಿ ಸಂಖ್ಯೆ ಏನು, ಆಸ್ಪತ್ರೆಯ ಹೆಸರೇನು, ಮಾನ್ಯತೆಗೆ ಮೊದಲು ಮತ್ತು ನಂತರ ಸಂಬಳ ಎಷ್ಟು, ನಿಮಗೆ ಆ ಆಸ್ಪತ್ರೆ ಎಷ್ಟು ಕೊಡುತ್ತದೆ, ಮತ್ತೆ ನನ್ನಿಂದ ಯಾಕೆ ಕೇಳುತ್ತೀರಿ. ಬಾಯಿಮಾತಿನ ಉತ್ತರ ಬೇಡ, ಬರೆದೇ ಕೊಡಲಿ. ಮೂಲ ಅಂಕಪಟ್ಟಿಗಳನ್ನು ಮಾತ್ರ ಯಾವ ಕಾರಣಕ್ಕೂ ಅವರ ಕೈಗೆ ಕೊಡಬೇಡಿ. ದೃಢೀಕರಿಸಿದ ಜೆರಾಕ್ಸ್ ಕೊಟ್ಟರೆ ಅವರಿಗೆ ಸಾಕು.