ಬಾಲ ಹಿಡಿದರೆ ಸಿಕ್ಕಿತು ಫ್ರೆಂಚ್ ಕ್ರಿಯಾಪದ

ಫ್ರೆಂಚ್ ಕಲಿಯಲು ಹೊರಟ ಕನ್ನಡಿಗರು ಮೊದಲು ಎಡವುವುದು ‘ಪಾರ್ಲೆ’ಯಲ್ಲಿ. ಬಿಸ್ಕತ್ತಿನ ನೆನಪಿಗೋ ಏನೋ, ‘ಪಾ’ ಜೋರಾಗಿಬಿಡುತ್ತದೆ. ‘ಮಾತಾಡು’ ಎಂಬರ್ಥದ ಈ ಕ್ರಿಯಾಪದದಲ್ಲಿ ಒತ್ತು ಬೀಳುವುದು ಕೊನೆಯ ‘ಲೆ’ ಮೇಲೆ. ಒತ್ತು ಎಂದರೆ ಗದರಿಸುವುದಲ್ಲ, ತುಸು ಎಳೆಯುವುದು.

ಮೊದಲು ಪೆನ್ಸಿಲ್ ಹಿಡಿದು, ಕಿವಿಗೆ ಬೀಳದ ಅಕ್ಷರಗಳನ್ನು ಹೊಡೆದುಹಾಕಿ. ‘ಅವರು ಮಾತಾಡುತ್ತಾರೆ’ ಎನ್ನುವಾಗ ಕ್ರಿಯಾಪದದ ಕೊನೆಗೆ ಇ, ಎನ್, ಟಿ ಬರುತ್ತವೆ. ಕಿವಿ-ಮೂಗು-ಗಂಟಲು ಡಾಕ್ಟರ ಬೋರ್ಡಿನಂತೆ ಕಂಡರೂ ಈ ಇಎನ್‌ಟಿ ಕಿವಿಗೂ ಇಲ್ಲ, ಗಂಟಲಿಗೂ ಇಲ್ಲ. ನಾನು, ನೀನು, ಅವನು, ಅವರು: ನಾಲ್ಕಕ್ಕೂ ಉಚ್ಚಾರ ಒಂದೇ, ‘ಪಾರ್ಲ್’.

ಆಮೇಲೆ ತುಂಡರಿಸಿ. ಸ್ವರಗಳ ನಡುವೆ ಒಂದೇ ವ್ಯಂಜನವಿದ್ದರೆ ಅದು ಮುಂದಿನ ತುಂಡಿಗೆ. ಎರಡಿದ್ದರೆ ಆಚೆಗೊಂದು, ಈಚೆಗೊಂದು: ಪಾರ್-ಲೆ. ಒತ್ತಕ್ಷರದ ಹಿಂದಿನದನ್ನು ಗುರು ಎಂದು ಎಣಿಸಿ ಪ್ರಸ್ತಾರ ಹಾಕಿದವರಿಗೆ ಇದು ಹೊಸತಲ್ಲ. ತ್ರ, ಪ್ಲ, ವ್ರ ತರಹದ ಜೋಡಿಗಳನ್ನು ಮಾತ್ರ ಬಿಡಿಸಬೇಡಿ. ‘ತೆರೆ’ ಎಂಬುದು ಉ-ವ್ರೀರ್.

ಹೀಗೆ ಕಿವಿಗೆ ಬೀಳುವ ತುಂಡುಗಳಲ್ಲಿ ಕೊನೆಯದಕ್ಕೇ ಒತ್ತು. ಅಸಲು ಲಾಭ ಇರುವುದು ಮುಂದೆ. ‘ಕೊಳ್ಳು’ ಎಂಬುದಕ್ಕೆ ‘ಅಶ್‌ತೆ’, ‘ಕೊಳ್ಳುತ್ತೇವೆ’ಗೆ ‘ಅಶ್‌ತೋಂ’. ಎರಡರಲ್ಲೂ ಬಾಲಕ್ಕೆ ದನಿಯಿದೆ, ಒತ್ತು ಅಲ್ಲಿಗೆ ಹೋಗುತ್ತದೆ. ನಡುವೆ ಬರೆಯುವ ‘ಇ’ ಅಕ್ಷರ ಸೊರಗಿ ಮಾತಿನಲ್ಲಿ ಮಾಯವಾಗುತ್ತದೆ. ‘ನಾನು ಕೊಳ್ಳುತ್ತೇನೆ’ ಎನ್ನುವಾಗ ಬಾಲ ಮೂಕ. ಒತ್ತು ಹಿಂದೆ ಸರಿದು ಆ ಬಡ ‘ಇ’ ಮೇಲೆಯೇ ಕೂರಬೇಕು. ಭಾರ ಹೊರಲು ಅದು ಬಾಯ್ತೆರೆದ ‘ಎ’ ಆಗುತ್ತದೆ: ಅಶೆತ್. ಅದರ ತಲೆಯ ಮೇಲೆ ಎಡದಿಂದ ಬಲಕ್ಕೆ ಇಳಿಯುವ ಗೆರೆ ಬರುವುದು ಇದಕ್ಕೇ. ಗೆರೆ ತೋರಿಸುವುದು ಸ್ವರದ ಗುಣವನ್ನು, ಒತ್ತನ್ನಲ್ಲ. ‘ಕರೆ’ ಎಂಬರ್ಥದ ‘ಅಪ್‌ಲೆ’ಯಲ್ಲಿ ಗೆರೆಯ ಬದಲು ಎಲ್ ಎರಡಾಗುತ್ತದೆ, ಕಾರಣ ಅದೇ. ಕೋಷ್ಟಕ ಉರುಹೊಡೆಯುವುದಕ್ಕಿಂತ ಕೊನೆಯ ತುಂಡು ಹುಡುಕುವುದು ಸುಲಭ ಎಂಬುದು ನನ್ನ ಮತ.

‘ಬರುತ್ತೇನೆ’ಗೆ ‘ವ್ಯಾಂ’, ‘ಬರುತ್ತೇವೆ’ಗೆ ‘ವನೋಂ’ ಎಂದಾಗುವುದಕ್ಕೂ ಒತ್ತಿನ ಈ ಓಡಾಟವೇ ಮೂಲ. ಲ್ಯಾಟಿನ್‌ನಲ್ಲೇ ಅದು ಶುರುವಾಗಿತ್ತು.

ಕೊನೆಗೆ ವಾಕ್ಯದಲ್ಲಿಟ್ಟು ಹೇಳಿ. ‘ಇಲ್ ಪಾರ್ಲ್’ ಎಂದಾಗ ಒತ್ತು ಕ್ರಿಯಾಪದಕ್ಕೆ. ‘ಫ್ರಾಂಸೆ’ ಸೇರಿಸಿದರೆ ಒತ್ತು ‘ಸೆ’ಗೆ ಜಿಗಿಯುತ್ತದೆ. ತುಂಡುಗಳೂ ಪದದ ಗಡಿ ದಾಟುತ್ತವೆ. ‘ಅವನು ಬರುತ್ತಾನೆ’ ಎಂಬ ‘ಇಲ್ ಅರೀವ್’ ಬಾಯಲ್ಲಿ ಇ-ಲ-ರೀವ್. ‘ಅವರು’ ಆದರೆ, ಅಡಗಿದ್ದ ಎಸ್ ಎದ್ದು ಬಂದು ಇಲ್-ಜ಼-ರೀವ್. ಬರುವವನು ಒಬ್ಬನೋ ನಾಲ್ವರೋ ಎಂದು ತಿಳಿಯಲು ಕಿವಿಗೆ ಸಿಗುವ ಸುಳಿವು ಆ ‘ಜ಼’ ಒಂದೇ.